ಛತ್ರದ ಖರ್ಚು ಕೊಡುವವರು ಯಾರು?



ನಾನು ಗುರುದೀಕ್ಷೆ ಪಡೆದ ಹೊಸತು. ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ತಪಸ್ಸು ಕಾಲದ ಒಂದು ಶುಕ್ರವಾರ, ಶಿಲುಬೆಯ ಹಾದಿ ಮುಗಿದ ಮೇಲೆ, ಒಬ್ಬ ತಾಯಿ ತನ್ನ ಗಂಡನನ್ನು ಕೈಹಿಡಿದು ಕರೆತಂದಳು. ಇಪ್ಪತ್ತು ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ಮನುಷ್ಯ. ನಾನು ಅವನಿಗೆ ಉಪದೇಶ ಮಾಡಿ, ಪೀಠದ ಮುಂದೆ ನಿಲ್ಲಿಸಿ, ಇನ್ನು ಒಂದು ತೊಟ್ಟನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದೆ.

ಅವನು ಮಾತು ಉಳಿಸಿಕೊಂಡ. ಮೂರನೆಯ ದಿನ ರಾತ್ರಿ ಮೈಯೆಲ್ಲ ನಡುಗಿ, ಗೋಡೆ ತುಂಬ ಹಾವು ಹರಿದಾಡುತ್ತಿದೆ ಎಂದು ಕೂಗಾಡತೊಡಗಿದ. "ಏನೋ ಸೋಂಕಿದೆ ಫಾದರ್, ಬಂದು ಪ್ರಾರ್ಥನೆ ಮಾಡಿ" ಎಂದು ಮನೆಯವರು ಕರೆದರು. ನಾನು ಹೋಗಿ ಪ್ರಾರ್ಥನೆ ಮಾಡಿದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಎಂದು ಗದರಿಸಿದವರು ನೆರೆಮನೆಯ ನಿವೃತ್ತ ನರ್ಸ್ ಬಾಯಿ, ನಾನಲ್ಲ. ಅವರಿಂದಾಗಿ ಅವನು ಬದುಕಿದ.

ಅಂದು ನನಗೆ ತಿಳಿಯದಿದ್ದುದನ್ನು ನೀವಾದರೂ ತಿಳಿದಿರಿ. ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ನಡುಕ, ಜ್ವರ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಇದು ದೆವ್ವವೂ ಅಲ್ಲ, ನಾಟಕವೂ ಅಲ್ಲ. ಅಂಥವರಿಗೆ ವೈದ್ಯರ ಕಣ್ಣಳತೆಯಲ್ಲಿ ಹಾಸಿಗೆ ಬೇಕು, ನಡುಕ ಇಳಿಸುವ ಮದ್ದು ಬೇಕು, ಬಿ-1 ಜೀವಸತ್ವದ ಚುಚ್ಚುಮದ್ದು ಬೇಕು. ದೇಹ ತಹಬಂದಿಗೆ ಬಂದ ಮೇಲೆ ಮನಸ್ಸಿನ ಕೆಲಸ: ಮೂರು ನಾಲ್ಕು ವಾರಗಳ ಆಪ್ತಸಲಹೆ, ಹೆಂಡತಿ ಮಕ್ಕಳೊಂದಿಗೆ ಮಾತುಕತೆ, ಮನೆಗೆ ಮರಳಿದ ಮೇಲೂ ತಪ್ಪದ ಭೇಟಿ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಕೇರಳದ ಮದ್ಯದಂಗಡಿಗಳು ಮುಚ್ಚಿದಾಗ ಇಡೀ ರಾಜ್ಯಕ್ಕೇ ಈ ಪಾಠ ಆಯಿತು. ಮದ್ಯ ಸಿಗದೆ ಕಂಗೆಟ್ಟು ಕೆಲವರು ಪ್ರಾಣ ಕಳಕೊಂಡರು. ವೈದ್ಯರ ಚೀಟಿ ತಂದವರಿಗೆ ಮದ್ಯ ಕೊಡಬೇಕೆಂದು ಸರಕಾರ ಆಜ್ಞೆ ಹೊರಡಿಸಿತು, ವೈದ್ಯರು ಪ್ರತಿಭಟಿಸಿದರು, ಏಪ್ರಿಲ್ 2ರಂದು ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಬಾಟಲಿ ಕೊಡುವುದು ಚಿಕಿತ್ಸೆಯಲ್ಲ, ನಿಜ. ಆದರೆ ಚಿಕಿತ್ಸೆಗೆ ಹಾಸಿಗೆ ಎಷ್ಟಿದ್ದವು?

ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ದಾಖಲಾದವರು 180 ಮಂದಿಯಲ್ಲಿ ಒಬ್ಬರು.

ಇನ್ನು ಹಣದ ಮಾತು. ನಮ್ಮ ರಾಜ್ಯದಲ್ಲಿ ಮದ್ಯ ಮಾರುವುದು 1984ರಲ್ಲಿ ಸ್ಥಾಪನೆಯಾದ ಸರಕಾರದ್ದೇ ನಿಗಮ. 2022–23ರಲ್ಲಿ ಅದರ ಮಾರಾಟ ಸುಮಾರು 18,500 ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಪಾಲು ತೆರಿಗೆಯಾಗಿ ಖಜಾನೆಗೆ ಹೋಗುತ್ತದೆ. ಆ ಹಣದಲ್ಲಿ ನಮ್ಮ ಮನೆಗಳ ಅಕ್ಕಿಯ ಹಣ ಇದೆ, ಮಕ್ಕಳ ಶಾಲೆಯ ಹಣ ಇದೆ. ಹಾಗಿರುವಾಗ ಚಿಕಿತ್ಸೆಗೆ ಹಣ ಕೊಡಿ ಎಂದು ಕೇಳುವುದು ಭಿಕ್ಷೆ ಬೇಡಿದಂತಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸ್ವಯಂಸೇವಾ ಸಂಸ್ಥೆಗಳ ವಸತಿ ಕೇಂದ್ರಗಳಿಗೆ ಕೇಂದ್ರ ಸರಕಾರ 1985–86ರಿಂದ ಅನುದಾನ ಕೊಡುತ್ತಾ ಬಂದಿದೆ. ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆ 2016ರಲ್ಲಿ ಆರಂಭವಾಗಿ, ಜಿಲ್ಲೆಗೊಂದರಂತೆ ಸರಕಾರಿ ಆಸ್ಪತ್ರೆಗಳಲ್ಲಿ ಕೇಂದ್ರಗಳು ತೆರೆದವು. ಕಾಸರಗೋಡು ಜಿಲ್ಲೆಗೆ ಅದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ಆದರೆ ಮಂಜೇಶ್ವರದ ಕೂಲಿಯವನಿಗೆ ನೀಲೇಶ್ವರ ಅರುವತ್ತು ಕಿಲೋಮೀಟರ್ ದೂರ. ಹೆಂಡತಿ ನೋಡಲು ಹೋದರೆ ಆ ದಿನದ ಬೀಡಿಯ ಸಂಬಳ ಇಲ್ಲ. ಮಾತ್ರೆಗೆ ಭಾಷೆ ಬೇಡ, ಆಪ್ತಸಲಹೆಗೆ ಬೇಕು. ಕನ್ನಡವೋ ತುಳುವೋ ಕೊಂಕಣಿಯೋ ಆಡುವವನು ತನ್ನ ನಾಚಿಕೆಯನ್ನು ಮಲಯಾಳದಲ್ಲಿ ಹೇಗೆ ಬಿಚ್ಚಿಡಲಿ?

2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ದ್ರವ್ಯದ ವ್ಯಸನದಿಂದಾದ ಸ್ಥಿತಿಗಳನ್ನೂ ಕಾಯಿಲೆಯೊಳಗೆ ಸೇರಿಸಿದೆ. ಸರಕಾರ ನಡೆಸುವ ಅಥವಾ ಹಣ ಕೊಡುವ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎನ್ನುತ್ತದೆ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದು ಉಚಿತವಾಗಿರಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದೇ ಕಾಯಿದೆ ನಿಷೇಧಿಸಿದೆ. ಎಲ್ಲಿ ಸರಕಾರದ ಹಾಸಿಗೆ ಇಲ್ಲವೋ ಅಲ್ಲಿ ಬಾಗಿಲಿಗೆ ಬೀಗ ಹಾಕಿ ಹಣ ಕೀಳುವವರು ಹುಟ್ಟಿಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು.

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಮಾರಿಯದವನ ಕಥೆಯನ್ನು ನಾವು ಎಷ್ಟು ಸಲ ಕೇಳಿಲ್ಲ! ಎಣ್ಣೆ ಹಚ್ಚಿದ್ದು, ಗಾಯ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಮರುದಿನ ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಟ್ಟದ್ದು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎಂದದ್ದು ಅಷ್ಟು ನೆನಪಿರುವುದಿಲ್ಲ. ಕನಿಕರಕ್ಕೂ ಲೆಕ್ಕಪುಸ್ತಕ ಇದೆ. ರಾತ್ರಿ ಪಾಳಿಯ ದಾದಿಗೆ ಸಂಬಳ ಕೊಡದೆ ಯಾವ ಛತ್ರವೂ ನಡೆಯುವುದಿಲ್ಲ.

ನಾವೇನು ಮಾಡಬಹುದು? ಮನೆಯಲ್ಲಿ ತೊಂದರೆ ಇದ್ದರೆ ಮುಚ್ಚಿಡಬೇಡಿ. 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆಮಾಡಬಹುದು. ಮುಂದಿನ ಗ್ರಾಮಸಭೆಗೆ ಹೋಗಿ, ಜಿಲ್ಲೆಯ ಉತ್ತರ ಭಾಗದಲ್ಲಿ ಕನ್ನಡ ಬಲ್ಲ ಸಲಹೆಗಾರರಿರುವ ಒಂದು ಕೇಂದ್ರ ಬೇಕೆಂದು ಎದ್ದು ನಿಂತು ಕೇಳಿ. ನಡಾವಳಿ ಪುಸ್ತಕದಲ್ಲಿ ಬರೆಸಿ. ಮತ ಕೇಳಲು ಬಂದವರನ್ನು ರಸ್ತೆಯ ಬಗ್ಗೆ ಕೇಳುವಂತೆ ಇದನ್ನೂ ಕೇಳಿ. ಗುರಿಕಾರರು ತಮ್ಮ ವಾಳೆಯಲ್ಲಿ ಅಂಥ ಮನೆಯಿದ್ದರೆ, ರೋಗಿಯ ಜೊತೆ ಆಸ್ಪತ್ರೆಗೆ ಹೋಗಲು ಒಬ್ಬರನ್ನು ಒಪ್ಪಿಸಲಿ.

ಕಳೆದ ತಿಂಗಳು ಪೂಜೆ ಮುಗಿದ ಮೇಲೆ ಒಬ್ಬಳು ತಾಯಿ ಸಂಕೋಚದಿಂದ ಬಂದು, "ಫಾದರ್, ಅವರನ್ನು ಸೇರಿಸ್ಲಿಕ್ಕೆ ಹಣ ಇಲ್ಲ. ಸರ ಮೊದಲೇ ಬ್ಯಾಂಕಿನಲ್ಲಿ ಅಡವಿದೆ. ನೀವು ಒಂದು ಪ್ರತಿಜ್ಞೆ ಮಾಡಿಸಿದರೆ ಸಾಕು" ಅಂದಳು.

ಈ ಸಲ ನಾನು ಪ್ರತಿಜ್ಞೆ ಮಾಡಿಸಲಿಲ್ಲ. ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಪ್ರಾರ್ಥನೆಯನ್ನು ದಾರಿಯಲ್ಲೇ ಮಾಡಿದೆವು.