ಚಿಗರಿಯ ಹಾದಿಯನ್ನು ಕಾರುಗಳಿಗೆ ಬಿಟ್ಟುಕೊಡಬೇಡಿ

ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸುಗಳಿಗೆಂದೇ ಮೀಸಲಾದ ಬಿಆರ್‌ಟಿಎಸ್ ಪಥವನ್ನು ರದ್ದು ಮಾಡಿ ಎಲ್ಲ ವಾಹನಗಳಿಗೂ ತೆರೆಯಿರಿ ಎಂಬ ಕೂಗು ಅವಳಿ ನಗರದಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಕೂಗುವವರ ಸಿಟ್ಟಿಗೆ ಕಾರಣವಿದೆ. ಸಂಜೆ ಹೊತ್ತು ಹುಬ್ಬಳ್ಳಿಯ ವಿದ್ಯಾನಗರ, ಉಣಕಲ್ ಕಡೆ ಕಾರು, ಆಟೊ, ಬೈಕುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವಾಗ ಪಕ್ಕದ ಬಸ್ ಪಥ ಬರಿದಾಗಿ ಕಾಣುತ್ತದೆ. ಅದನ್ನು ನೋಡಿದವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಆ ಪಥ ಬರಿದಾಗಿರುವುದರಿಂದಲೇ ಹಿಂದೆ ಬರುವ ಬಿಆರ್‌ಟಿಎಸ್ ಬಸ್ಸು ‘ಚಿಗರಿ’ ಹೊತ್ತಿಗೆ ಸರಿಯಾಗಿ ನಿಲ್ದಾಣ ಮುಟ್ಟುತ್ತದೆ. ಒಂದು ಚಿಗರಿಯಲ್ಲಿ ಕೂತವರು, ನಿಂತವರು ಎಲ್ಲರೂ ತಲಾ ಒಂದು ಕಾರು ತಂದರೆ ಆ ಸಾಲು ಎಲ್ಲಿಗೆ ಮುಟ್ಟೀತು ಎಂಬುದನ್ನು ಈ ಬೇಡಿಕೆ ಇಟ್ಟವರು ಲೆಕ್ಕ ಹಾಕಿಲ್ಲ.

ಈ ಹಾದಿಗೆ ಊರು ತೆತ್ತ ಬೆಲೆ ಸಣ್ಣದಲ್ಲ. ಸುಮಾರು 22 ಕಿಲೋಮೀಟರ್ ಉದ್ದದ ಕಾರಿಡಾರ್‌ಗೆ ಸುಮಾರು 970 ಕೋಟಿ ರೂಪಾಯಿ ಖರ್ಚಾಯಿತು. ಕೇಂದ್ರ, ರಾಜ್ಯ ಸರ್ಕಾರಗಳ ಜೊತೆಗೆ ವಿಶ್ವಬ್ಯಾಂಕ್ ನೆರವೂ ಅದರಲ್ಲಿದೆ. ರಸ್ತೆ ಅಗಲವಾಗಲೆಂದು ಅಂಗಡಿ, ಮನೆಗಳು ಹೋದವು, ಹಳೆಯ ಮರಗಳು ಉರುಳಿದವು. ಭೈರಿದೇವರಕೊಪ್ಪದ ದರ್ಗಾವನ್ನು 2022ರ ಡಿಸೆಂಬರ್‌ನಲ್ಲಿ ತೆರವುಗೊಳಿಸಲಾಯಿತು. ಬಸ್ಸಿಗೆಂದು ಬಿಟ್ಟುಕೊಟ್ಟ ಆ ನೆಲವನ್ನು ಈಗ ಕಾರಿಗೆ ಕೊಡುವುದೆಂದರೆ ಕಳೆದುಕೊಂಡವರಿಗೆ ಮಾಡುವ ವಂಚನೆ.

2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಚಿಗರಿಗೆ 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ವಿಧ್ಯುಕ್ತ ಚಾಲನೆ ಕೊಟ್ಟರು. ಅಂದಿನಿಂದ ಅದನ್ನು ನೆಚ್ಚಿಕೊಂಡವರು ಯಾರು? ಧಾರವಾಡದ ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗ ಹುಡುಗಿಯರು, ಹೈಕೋರ್ಟ್ ಪೀಠಕ್ಕೆ ಬರುವ ಕಕ್ಷಿದಾರರು, ವಿದ್ಯಾನಗರದ ಸರ್ಕಾರಿ ಆಸ್ಪತ್ರೆಗೂ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೂ ಓಡಾಡುವ ರೋಗಿಗಳ ಮನೆಯವರು. ಇವರಲ್ಲಿ ಬಹಳ ಮಂದಿಗೆ ಚಿಗರಿ ಬಿಟ್ಟರೆ ಟಂಟಂ ಅಥವಾ ಸಾಲ ಮಾಡಿ ಕೊಂಡ ಬೈಕೇ ಗತಿ. ರದ್ದತಿಯ ಸಭೆಗಳಲ್ಲಿ ಇವರ ದನಿ ಕೇಳುವುದಿಲ್ಲ.

ಹಾಗೆಂದು ಬಿಆರ್‌ಟಿಎಸ್ ಚೆನ್ನಾಗಿದೆ ಎಂದು ನಾನು ವಾದಿಸುತ್ತಿಲ್ಲ. ಜೋರು ಮಳೆ ಬಂದರೆ ಧಾರವಾಡದ ಟೋಲ್‌ನಾಕಾದಲ್ಲಿ ನೀರು ನಿಲ್ಲುತ್ತದೆ. ಬಸ್ಸುಗಳು ಹಳತಾಗಿವೆ, ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತವೆ. ರಸ್ತೆ ನಡುವಿನ ನಿಲ್ದಾಣ ಸೇರಲು ವಯಸ್ಸಾದವರು ಜೀವ ಕೈಯಲ್ಲಿ ಹಿಡಿದು ದಾಟಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಬಡಾವಣೆಗಳಿಂದ ಈ ನಿಲ್ದಾಣಗಳಿಗೆ ತಂದುಬಿಡುವ ಸಣ್ಣ ಬಸ್ಸುಗಳದ್ದು. ಮನೆಯಿಂದ ನಿಲ್ದಾಣಕ್ಕೆ ಬರಲು ಆಟೊಗೆ ಕೊಡುವ ದುಡ್ಡು ಚಿಗರಿಯ ಟಿಕೆಟ್ಟಿಗಿಂತ ಹೆಚ್ಚಾದರೆ ಜನ ಬೈಕು ಹತ್ತದೆ ಏನು ಮಾಡಿಯಾರು? ಇವಿಷ್ಟೂ ನಿರ್ವಹಣೆಯ ದೋಷಗಳು. ಪಥ ಕಿತ್ತರೆ ಇವುಗಳಲ್ಲಿ ಒಂದೂ ನೀಗುವುದಿಲ್ಲ. ಕೆಟ್ಟ ಬಸ್ಸು ಆಗಲೂ ಕೆಟ್ಟು ನಿಲ್ಲುತ್ತದೆ, ಈ ಸಲ ಕಾರುಗಳ ನಡುವೆ.

ದೆಹಲಿ, ಭೋಪಾಲಗಳು ತಮ್ಮ ಬಸ್ ಪಥಗಳನ್ನು ಕಿತ್ತುಹಾಕಲಿಲ್ಲವೇ ಎನ್ನುತ್ತಾರೆ. ಹೌದು, ದೆಹಲಿ 2016ರಲ್ಲಿ, ಭೋಪಾಲ 2024ರಲ್ಲಿ ಆ ಕೆಲಸಕ್ಕೆ ಕೈಹಾಕಿದವು. ದೆಹಲಿಯದು ಆರು ಕಿಲೋಮೀಟರನ್ನೂ ಮುಟ್ಟದ ತುಂಡು ಹಾದಿ. ಅದನ್ನು ರದ್ದು ಮಾಡಬೇಕೆಂದು ಕೇಳಿದ್ದ ಅರ್ಜಿಯನ್ನು ಅಲ್ಲಿನ ಹೈಕೋರ್ಟ್ 2012ರಲ್ಲೇ ತಳ್ಳಿಹಾಕಿತ್ತೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಮ್ಮದು ಎರಡು ಊರುಗಳನ್ನು ಹೊಲಿಯುವ ಹಾದಿ, ಆ ತುಂಡು ಹಾದಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನು ಚಿಗರಿಯ ಬದಲು ಎಲೆಕ್ಟ್ರಿಕ್ ಟ್ರಾಮ್ ಮಾದರಿಯ ಹೊಸ ವಾಹನಗಳನ್ನು ಓಡಿಸುವ ಮಾತು. ಸಚಿವ ಸಂತೋಷ್ ಲಾಡ್ ಅವರು ಇದರ ಬಗ್ಗೆ ಉತ್ಸಾಹ ತೋರಿದ್ದಾರೆ. ವಿದ್ಯುತ್ ವಾಹನಗಳು ಬರಲಿ, ನನ್ನ ತಕರಾರಿಲ್ಲ. ಆದರೆ ಅವು ಓಡಬೇಕಾದದ್ದೂ ಇದೇ ಮೀಸಲು ಪಥದಲ್ಲಿ, ಅವಕ್ಕೆ ಜನ ಬರಬೇಕಾದದ್ದೂ ಇದೇ ಬಡಾವಣೆಗಳಿಂದ. ನಮ್ಮ ಸರ್ಕಾರಗಳಿಗೆ ಶಂಕುಸ್ಥಾಪನೆಗೆ ದುಡ್ಡು ಸಿಗುತ್ತದೆ, ಬಸ್ಸಿನ ಬಿಡಿಭಾಗಕ್ಕೆ, ಚರಂಡಿಗೆ, ಫುಟ್‌ಪಾತಿಗೆ ಸಿಗುವುದಿಲ್ಲ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಮೇಲ್ಸೇತುವೆಗೆ ಕೋಟಿಗಟ್ಟಲೆ ಸುರಿಯುವ ಊರು ಅದರ ಕೆಳಗೆ ನಡೆದಾಡುವವರಿಗೆ ಏನು ಮಾಡಿದೆ?

ಆಗಬೇಕಾದ್ದು ಇಷ್ಟು: ಹಳೆ ಬಸ್ಸುಗಳನ್ನು ಬದಲಿಸಲು ರಾಜ್ಯ ಬಜೆಟ್‌ನಲ್ಲಿ ಪ್ರತ್ಯೇಕ ಹಣ, ನವನಗರ, ಗೋಕುಲ ರಸ್ತೆ, ಕೇಶ್ವಾಪುರದಂಥ ಕಡೆಗಳಿಂದ ಕಾರಿಡಾರ್‌ಗೆ ಹತ್ತು ನಿಮಿಷಕ್ಕೊಂದು ಸಂಪರ್ಕ ಬಸ್ಸು, ಅದಕ್ಕೂ ಚಿಗರಿಗೂ ಒಂದೇ ಟಿಕೆಟ್. ಇದನ್ನು ಬೇಗ ಮಾಡಬೇಕಾದ ಕಾರಣವೂ ಇದೆ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ನೀಡಲು ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿದೆ. ಇನ್ನು ಈ ಒಂದೇ ಹಾದಿ ಎರಡು ಪಾಲಿಕೆಗಳ ನಡುವೆ ಹಂಚಿಹೋಗಲಿದೆ. ಟೋಲ್‌ನಾಕಾದ ನೀರು ಯಾರ ಹೊಣೆ, ಉಣಕಲ್ಲಿನ ಸಿಗ್ನಲ್ ಯಾರ ಹೊಣೆ ಎಂದು ಕಡತಗಳು ಅತ್ತಿತ್ತ ಓಡಾಡುವ ಮೊದಲೇ ಇಡೀ ಕಾರಿಡಾರ್‌ಗೆ ಅಧಿಕಾರ ಮತ್ತು ಹಣ ಎರಡೂ ಇರುವ ಒಂದೇ ಸಂಸ್ಥೆಯನ್ನು ಸರ್ಕಾರ ಹೊಣೆಯಾಗಿಸಬೇಕು.