ಎಲಿಕಾಟ್ ಸಿಟಿಯ ಮಳೆಯೂ ಮತಪೆಟ್ಟಿಗೆಯೂ

ಹೆಸರಿನಲ್ಲಿ ‘ಸಿಟಿ’ ಇದೆ. ಆದರೆ ಎಲಿಕಾಟ್ ಸಿಟಿಗೆ ಮೇಯರ್ ಇಲ್ಲ, ನಗರಸಭೆ ಇಲ್ಲ, ವಾರ್ಡಿನ ಸದಸ್ಯರೂ ಇಲ್ಲ. ಅಮೆರಿಕದ ಮೇರಿಲೆಂಡ್ ರಾಜ್ಯದ ಈ ಊರಿಗೆ 1867ರಲ್ಲಿ ನಗರದ ಸನ್ನದು ಸಿಕ್ಕಿತ್ತು; 1935ರಲ್ಲಿ ಅದು ಕೈಬಿಟ್ಟುಹೋಯಿತು. ಈ ಊರಿರುವ ಹೊವರ್ಡ್ ಕೌಂಟಿಯಲ್ಲಿ ಹುಡುಕಿದರೂ ಒಂದು ಪುರಸಭೆ ಸಿಗುವುದಿಲ್ಲ. ರಸ್ತೆ, ಚರಂಡಿ, ಪೊಲೀಸು, ಮನೆ ಕಟ್ಟುವ ಪರವಾನಗಿ, ಎಲ್ಲದಕ್ಕೂ ಕೌಂಟಿಯೇ ಗತಿ.

ಕೌಂಟಿ ಎಂದರೆ ಸ್ಥೂಲವಾಗಿ ಒಂದು ಸಣ್ಣ ಜಿಲ್ಲೆ ಎಂದು ತಿಳಿಯಬಹುದು. ಹೊವರ್ಡ್ ಕೌಂಟಿಯ ಆಡಳಿತದ ತುದಿಯಲ್ಲಿ ಒಬ್ಬ ‘ಕೌಂಟಿ ಎಕ್ಸಿಕ್ಯುಟಿವ್’ ಇರುತ್ತಾನೆ. ಅವನ ಎದುರಿಗೆ ಐದು ಮಂದಿ ಸದಸ್ಯರ ಕೌನ್ಸಿಲ್. ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರನ್ನು ಸದಸ್ಯರು ಆರಿಸುವಂತೆ ಅಲ್ಲಿ ಆರಿಸುವುದಿಲ್ಲ. ಎಕ್ಸಿಕ್ಯುಟಿವ್‌ನನ್ನು ನಾಲ್ಕು ವರ್ಷಕ್ಕೊಮ್ಮೆ ಮತದಾರರೇ ನೇರವಾಗಿ ಆರಿಸುತ್ತಾರೆ. ಆದ್ದರಿಂದ ಮೋರಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು ಎಂಬ ಗೊಂದಲ ಅಲ್ಲಿನ ಜನರಿಗಿಲ್ಲ.

ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ ಇರುವ ಈ ಕೌಂಟಿ ಒಂದು ಕಾಲಕ್ಕೆ ಹೊಲಗದ್ದೆಗಳ ಪ್ರದೇಶ. 1960ರ ಜನಗಣತಿಯಲ್ಲಿ ಇಲ್ಲಿದ್ದವರು 36,152 ಮಂದಿ. 1967ರಲ್ಲಿ ಜೇಮ್ಸ್ ರೌಸ್ ಎಂಬ ಉದ್ಯಮಿ ಹೊಲಗಳನ್ನು ಕೊಂಡು ಕೊಲಂಬಿಯಾ ಎಂಬ ಯೋಜಿತ ಪಟ್ಟಣವನ್ನು ತೆರೆದ. 2020ರ ಜನಗಣತಿಯ ಹೊತ್ತಿಗೆ ಕೌಂಟಿಯ ಜನಸಂಖ್ಯೆ 3,32,317. ಅರವತ್ತು ವರ್ಷಗಳಲ್ಲಿ ಒಂಬತ್ತು ಪಟ್ಟು! ಜನ ಬಂದರೆ ಮನೆ ಬರುತ್ತದೆ, ಮನೆಯೊಂದಿಗೆ ರಸ್ತೆ, ಕಾರು ನಿಲ್ಲಿಸುವ ಅಂಗಳ, ಮಾರುಕಟ್ಟೆ. ನೀರು ಕುಡಿಯುತ್ತಿದ್ದ ಮಣ್ಣಿನ ಮೇಲೆ ನೀರು ಕುಡಿಯದ ಡಾಂಬರು ಬೀಳುತ್ತದೆ.

ಎಲಿಕಾಟ್ ಸಿಟಿ ಮಾತ್ರ ಹಳೆಯದು. 1772ರಲ್ಲಿ ಎಲಿಕಾಟ್ ಸಹೋದರರು ಪಟಾಪ್ಸ್ಕೊ ನದಿಯ ದಡದಲ್ಲಿ ಹಿಟ್ಟಿನ ಗಿರಣಿ ಹಾಕಿದ ಜಾಗ ಅದು. (ನೀಗ್ರೋ ಎಂಬ ಕಾರಣಕ್ಕೆ ಹೊರಗೆ ನಿಲ್ಲಬೇಕಾಗಿದ್ದ ಬೆಂಜಮಿನ್ ಬ್ಯಾನೆಕರ್ ತಾನೇ ಖಗೋಳಶಾಸ್ತ್ರ ಕಲಿತು ಪಂಚಾಂಗ ಬರೆದದ್ದು, ಈ ಮನೆತನದವರು ಕೊಟ್ಟ ಪುಸ್ತಕ ಮತ್ತು ಉಪಕರಣಗಳ ನೆರವಿನಿಂದ. ಆ ಕಥೆಗೆ ಇನ್ನೊಂದು ವಾರವೇ ಬೇಕು.) ಗಿರಣಿ ತಿರುಗಲು ನೀರು ಬೇಕು, ನೀರಿಗೆ ಇಳಿಜಾರು ಬೇಕು. ಗ್ರಾನೈಟ್ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಟೈಬರ್, ಹಡ್ಸನ್, ನ್ಯೂ ಕಟ್ ಎಂಬ ಪುಟ್ಟ ತೊರೆಗಳು ಕೂಡಿ ನದಿಗೆ ಇಳಿಯುವ ಕಡೆಯೇ ಊರು ಬೆಳೆಯಿತು. ಕಣಿವೆಯ ತಳದಲ್ಲಿ ಉದ್ದಕ್ಕೆ ಒಂದೇ ಒಂದು ಪೇಟೆಬೀದಿ. ಅದೇ ಮೇನ್ ಸ್ಟ್ರೀಟ್. ಜಾಗ ಸಾಲದೆ ಕೆಲವು ಅಂಗಡಿಗಳನ್ನು ತೊರೆಯ ಮೇಲೆಯೇ ಕಮಾನು ಹಾಕಿ ಕಟ್ಟಿದರು. ಗಿರಾಕಿಗಳು ಮೇಲೆ ವ್ಯಾಪಾರ ಮಾಡುತ್ತಿದ್ದರೆ ಕಾಲ ಕೆಳಗೆ ನೀರು ಹರಿಯುತ್ತಿತ್ತು.

ಪ್ರವಾಹ ಈ ಊರಿಗೆ ಹೊಸತಲ್ಲ. 1868ರಲ್ಲಿ ನದಿ ಉಕ್ಕಿ ಹಲವಾರು ಮನೆಗಳು ಕೊಚ್ಚಿಹೋದವು, ಜನ ಸತ್ತರು. 1972ರಲ್ಲಿ ಆಗ್ನೆಸ್ ಚಂಡಮಾರುತ ಬಂದಾಗ ಮತ್ತೆ ನೀರು ನುಗ್ಗಿತು. ಆದರೆ ಆ ಎರಡೂ ಸಲ ನೀರು ಬಂದದ್ದು ಕೆಳಗಿನಿಂದ. ನದಿ ಏರಿ ಪೇಟೆಗೆ ಹೊಕ್ಕಿತು. 2016ರಲ್ಲಿ ಆದದ್ದೇ ಬೇರೆ.

ಆ ವರ್ಷ ಜುಲೈ 30, ಶನಿವಾರ ಸಂಜೆ. ಹೋಟೆಲುಗಳು ತುಂಬಿದ್ದ ಹೊತ್ತು. ಸುಮಾರು ಆರೂವರೆ ಅಂಗುಲ ಮಳೆ ಸುರಿಯಿತು, ಅದರ ಬಹುಪಾಲು ಎರಡೇ ಗಂಟೆಗಳ ಒಳಗೆ. ಈ ತೊರೆಗಳ ಜಲಾನಯನ ಪ್ರದೇಶ ಹತ್ತು ಚದರ ಕಿಲೋಮೀಟರಿನಷ್ಟು ಮಾತ್ರ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ಹತ್ತು ಚದರ ಕಿ.ಮೀ. ಎಂದರೆ ಒಂದು ಕೋಟಿ ಚದರ ಮೀಟರ್. ಅದರ ಮೇಲೆ 15 ಸೆಂ.ಮೀ. ನೀರು ನಿಂತರೆ 15 ಲಕ್ಷ ಘನ ಮೀಟರ್, ಅಂದರೆ 150 ಕೋಟಿ ಲೀಟರ್. ಅದರಲ್ಲಿ ಅರ್ಧ ಮಣ್ಣಿಗೆ ಇಂಗಿತೆಂದೇ ಇಟ್ಟುಕೊಳ್ಳೋಣ. ಉಳಿದ 75 ಕೋಟಿ ಲೀಟರ್ ಒಂದು ಬೀದಿಯಷ್ಟು ಅಗಲದ ಕಣಿವೆಯಲ್ಲಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗಬೇಕು. ತೊರೆಯ ಕಮಾನು ಸಾಲದಾದಾಗ ಮೇನ್ ಸ್ಟ್ರೀಟೇ ತೊರೆಯಾಯಿತು. ನೀರು ಮೇಲಿನಿಂದ ಬಂದಿತ್ತು. ಎರಡು ಅಡಿ ಆಳದ ಹರಿಯುವ ನೀರು ಸಾಮಾನ್ಯ ಕಾರನ್ನು ಎತ್ತಿಕೊಂಡು ಹೋಗಬಲ್ಲದು. ಅಲ್ಲಿ ಆಳ ಅದಕ್ಕಿಂತ ಎಷ್ಟೋ ಹೆಚ್ಚಿತ್ತು, ಜೊತೆಗೆ ಇಳಿಜಾರಿನ ವೇಗ. ವೇಗ ಎರಡು ಪಟ್ಟಾದರೆ ನೀರಿನ ಹೊಡೆತ ನಾಲ್ಕು ಪಟ್ಟು. ಇಬ್ಬರು ಸತ್ತರು.

ಹವಾಮಾನ ಇಲಾಖೆಯವರು ಇದನ್ನು ‘ಸಾವಿರ ವರ್ಷಕ್ಕೊಮ್ಮೆ’ ಬರುವ ಮಳೆ ಎಂದರು. ಈ ಮಾತು ಪತ್ರಿಕೆಗಳಲ್ಲಿ ಬಂದಿದ್ದೇ ತಡ, ಇನ್ನು ಸಾವಿರ ವರ್ಷ ಭಯವಿಲ್ಲ ಎಂದು ಅರ್ಥಮಾಡಿಕೊಂಡವರೂ ಇದ್ದಿರಬೇಕು. ಅದರ ಅರ್ಥ ಹಾಗಲ್ಲ. ಅಂಥ ಮಳೆ ಆ ಸ್ಥಳದಲ್ಲಿ ಯಾವುದೇ ಒಂದು ವರ್ಷದಲ್ಲಿ ಬೀಳುವ ಸಂಭವ ಸಾವಿರಕ್ಕೆ ಒಂದು, ಅಷ್ಟೆ. ಹೋದ ವರ್ಷ ಬಿದ್ದಿತೆಂದು ಈ ವರ್ಷದ ಸಂಭವ ಕಡಿಮೆಯಾಗುವುದಿಲ್ಲ. ನಾಣ್ಯಕ್ಕೆ ನೆನಪಿಲ್ಲ, ಮೋಡಕ್ಕೂ ಇಲ್ಲ. ಇನ್ನೊಂದು ಸಂಗತಿ: ಈ ಲೆಕ್ಕವೆಲ್ಲ ಹಳೆಯ ಮಳೆ ದಾಖಲೆಗಳಿಂದ ಬಂದದ್ದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ದಾಖಲೆಯ ಕಾಲದ ಗಾಳಿ ಈಗಿನ ಗಾಳಿಯಲ್ಲ.

2018ರ ಮೇ 27, ಭಾನುವಾರ, ಎಂಟು ಅಂಗುಲಕ್ಕೂ ಮೀರಿ ಮಳೆ ಬಿತ್ತು. ಇಪ್ಪತ್ತೆರಡು ತಿಂಗಳಲ್ಲಿ ಎರಡನೆಯ ಸಲ! ಸಾಲ ಮಾಡಿ, ಅಂಗಡಿಯ ಗೋಡೆಗೆ ಹೊಸ ಬಣ್ಣ ಬಳಿದು ಮತ್ತೆ ಬಾಗಿಲು ತೆರೆದಿದ್ದವರ ಕಣ್ಣೆದುರಿಗೇ ಮೇನ್ ಸ್ಟ್ರೀಟ್ ಮತ್ತೊಮ್ಮೆ ನದಿಯಾಯಿತು. ಇನ್ನೊಬ್ಬರಿಗೆ ಸಹಾಯ ಮಾಡಲು ಹೋದ ನ್ಯಾಷನಲ್ ಗಾರ್ಡ್ ಯೋಧನೊಬ್ಬ ನೀರು ಪಾಲಾದ.

ಅದು ಚುನಾವಣೆಯ ವರ್ಷವೂ ಆಗಿತ್ತು.

ಮಳೆನೀರು ಅಲ್ಲಿನ ರಾಜಕೀಯಕ್ಕೆ ಮೊದಲೇ ಇಳಿದಿತ್ತೆನ್ನಬೇಕು. 2012ರಲ್ಲಿ ಮೇರಿಲೆಂಡ್ ಶಾಸನಸಭೆ ದೊಡ್ಡ ಕೌಂಟಿಗಳೆಲ್ಲ ಮಳೆನೀರಿನ ಶುಲ್ಕ ವಸೂಲು ಮಾಡಬೇಕೆಂದು ಕಾನೂನು ಮಾಡಿತು. ನೀರು ಇಂಗದಂತೆ ಎಷ್ಟು ನೆಲವನ್ನು ಮುಚ್ಚಿದ್ದೀರೋ ಅದನ್ನು ನೋಡಿ ಶುಲ್ಕ. ವಿಜ್ಞಾನದ ದೃಷ್ಟಿಯಿಂದ ಇದಕ್ಕಿಂತ ನೇರವಾದ ಲೆಕ್ಕವಿಲ್ಲ. ಆದರೆ ವಿರೋಧಿಗಳು ಅದಕ್ಕೆ ‘ಮಳೆ ತೆರಿಗೆ’ ಎಂದು ಹೆಸರಿಟ್ಟರು. ದೇವರು ಸುರಿಸುವ ಮಳೆಗೂ ತೆರಿಗೆಯೇ ಎಂಬ ಹಾಸ್ಯದ ಮುಂದೆ ಲೆಕ್ಕ ನಿಲ್ಲಲಿಲ್ಲ. 2014ರ ರಾಜ್ಯಪಾಲರ ಚುನಾವಣೆಯಲ್ಲಿ (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ಇಲ್ಲಿನ ಮುಖ್ಯಮಂತ್ರಿಯಂತೆ) ಅದು ದೊಡ್ಡ ಘೋಷಣೆಯಾಯಿತು. 2015ರಲ್ಲಿ ಶುಲ್ಕ ಕಡ್ಡಾಯವಲ್ಲ ಎಂದು ಕಾನೂನನ್ನು ಸಡಿಲಿಸಲಾಯಿತು.

2018ರ ಪ್ರವಾಹವಾಗಿ ತಿಂಗಳು ತುಂಬುವ ಹೊತ್ತಿಗೆ, ಜೂನ್ 26ರಂದು, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಚುನಾವಣೆ ನಡೆಯಿತು. ಎಲಿಕಾಟ್ ಸಿಟಿ ಸೇರಿದ ಕ್ಷೇತ್ರದ ಕೌನ್ಸಿಲ್ ಸದಸ್ಯ ಜಾನ್ ವೈನ್‌ಸ್ಟೈನ್ ಅವರ ವಿರುದ್ಧ ಅದೇ ಡೆಮಾಕ್ರಟಿಕ್ ಪಕ್ಷದ ಲಿಜ್ ವಾಲ್ಷ್ ನಿಂತಿದ್ದರು. ಮಿತಿಮೀರಿ ಮನೆ ಕಟ್ಟಲು ಬಿಟ್ಟದ್ದೇ ತಪ್ಪು ಎಂಬುದು ಅವರ ವಾದ. ಸಾವಿರಾರು ಮತಗಳು ಬಿದ್ದಿದ್ದವು. ಮರು ಎಣಿಕೆಯೂ ಆಯಿತು. ವಾಲ್ಷ್ ಗೆದ್ದ ಅಂತರವನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದಿತ್ತು. ಒಂದು ಕುಟುಂಬ ಮತ್ತು ಅದರ ನೆರೆಯವರು ಆ ದಿನ ಮನೆಯಲ್ಲೇ ಉಳಿದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಸೋತರೂ ವೈನ್‌ಸ್ಟೈನ್ ಅವರ ಅವಧಿ ಡಿಸೆಂಬರಿನವರೆಗೆ ಇತ್ತು. ಜುಲೈಯಲ್ಲಿ ಕೌನ್ಸಿಲ್ ಈ ಜಲಾನಯನ ಪ್ರದೇಶದಲ್ಲಿ ಹೊಸ ಕಟ್ಟಡಗಳಿಗೆ ಒಂದು ವರ್ಷ ತಡೆ ಹಾಕಿತು. ಆಗಸ್ಟಿನಲ್ಲಿ ಕೌಂಟಿ ಎಕ್ಸಿಕ್ಯುಟಿವ್ ಅಲನ್ ಕಿಟಲ್‌ಮನ್ ಮತ್ತು ವೈನ್‌ಸ್ಟೈನ್ ಒಂದು ಯೋಜನೆಯನ್ನು ಮುಂದಿಟ್ಟರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್, ನೀರಿಗೆ ಪಕ್ಷವಿಲ್ಲವಲ್ಲ. ಸುಮಾರು ಐದು ಕೋಟಿ ಡಾಲರ್ ವೆಚ್ಚದಲ್ಲಿ 19 ಕಟ್ಟಡಗಳನ್ನು ಕೌಂಟಿ ಕೊಂಡು ಕೆಡವುವುದು, ಕೆಳಪೇಟೆಯಲ್ಲಿ ತೊರೆಗೆ ಅಗಲವಾದ ತೆರೆದ ಹಾದಿ ಮಾಡಿಕೊಡುವುದು. ತೊರೆಯ ಜಾಗವನ್ನು ತೊರೆಗೆ ಹಿಂತಿರುಗಿಸುವುದು ಎಂದೇ ಹೇಳಬಹುದು.

ಊರು ಎರಡಾಯಿತು. ಪ್ರಾಣಕ್ಕಿಂತ ಇಟ್ಟಿಗೆ ದೊಡ್ಡದೇ ಎಂದು ಕೇಳಿದವರಿದ್ದರು. ಎರಡು ಸಲ ಕೊಚ್ಚಿಹೋದ ಅಂಗಡಿಯನ್ನು ಕೌಂಟಿಗೆ ಮಾರಿ ಹೊರಟುಬಿಟ್ಟರೆ ಸಾಕು ಎಂದು ದಣಿದವರೂ ಇದ್ದರು. ಕಟ್ಟಡಗಳೇ ಹೋದ ಮೇಲೆ ಉಳಿಸುವುದು ಯಾವ ಊರನ್ನು ಎಂಬುದು ಪರಂಪರೆಯ ರಕ್ಷಣೆಗೆ ನಿಂತವರ ಪ್ರಶ್ನೆ. ಎರಡೂ ಕಡೆಯವರ ಕೈಯಲ್ಲಿದ್ದದ್ದು ಅದೇ ಮಳೆಯ ಅಂಕಿಅಂಶ. ಎಂಜಿನಿಯರುಗಳು ಗಣಕಯಂತ್ರದಲ್ಲಿ 2016ರ ಮಳೆಯನ್ನು ಮತ್ತೆ ಸುರಿಸಿ, ಯಾವ ಕಟ್ಟಡ ತೆಗೆದರೆ ಬೀದಿಯಲ್ಲಿ ನೀರು ಎಷ್ಟು ಅಡಿ ಇಳಿಯುತ್ತದೆ ಎಂದು ಹೇಳಬಲ್ಲರು. ಎಷ್ಟು ಅಡಿ ನೀರನ್ನು ಊರು ತಾಳಿಕೊಳ್ಳಬಹುದು, ಅದಕ್ಕಾಗಿ ಎಷ್ಟು ದುಡ್ಡು ಕೊಡಬಹುದು, ಯಾರ ಅಂಗಡಿ ಬಿಟ್ಟುಕೊಡಬಹುದು ಎಂಬ ಉತ್ತರ ಆ ಯಂತ್ರದಲ್ಲಿ ಇರುವುದಿಲ್ಲ.

ಅಕ್ಟೋಬರಿನಲ್ಲಿ ಕೌನ್ಸಿಲ್ ಯೋಜನೆಗೆ ಹಣ ಒದಗಿಸಿತು. ನವೆಂಬರ್ 6ರಂದು ಮತದಾನ. ಕಿಟಲ್‌ಮನ್ ಸೋತರು, ಕೌನ್ಸಿಲ್ ಸದಸ್ಯರಾಗಿದ್ದ ಡೆಮಾಕ್ರಟ್ ಕ್ಯಾಲ್ವಿನ್ ಬಾಲ್ ಗೆದ್ದರು. ಸೋಲಿಗೆ ಪ್ರವಾಹವೊಂದೇ ಕಾರಣ ಎನ್ನುವುದು ಸರಿಯಾಗದು. ಆ ವರ್ಷ ವಾಷಿಂಗ್ಟನ್ನಿನ ಸುತ್ತಲಿನ ಉಪನಗರಗಳಲ್ಲೆಲ್ಲ ಡೆಮಾಕ್ರಟರ ಗಾಳಿ ಬೀಸಿತ್ತು, ಮೋರಿಯ ಯೋಜನೆ ಓದದವರೂ ಪಕ್ಷ ನೋಡಿ ಮುದ್ರೆ ಒತ್ತಿರುತ್ತಾರೆ. ಆದರೆ ಪರಿಣಾಮ ಮಾತ್ರ ನೇರವಾಗಿ ಮೇನ್ ಸ್ಟ್ರೀಟಿನ ಮೇಲೆ ಬಿತ್ತು. ಹೊಸ ಎಕ್ಸಿಕ್ಯುಟಿವ್ ಕೆಡಹುವ ಕೆಲಸವನ್ನು ನಿಲ್ಲಿಸಿ ಬೇರೆ ಬೇರೆ ಆಯ್ಕೆಗಳನ್ನು, ಅವುಗಳ ವೆಚ್ಚ ಮತ್ತು ನೀರಿನ ಆಳದ ಸಮೇತ, ಜನರ ಮುಂದಿಟ್ಟರು.

2019ರ ಮೇ ತಿಂಗಳಲ್ಲಿ ಆರಿಸಿದ ಯೋಜನೆಯಲ್ಲಿ ಕೆಡಹುವ ಕಟ್ಟಡಗಳು ಹತ್ತೊಂಬತ್ತಲ್ಲ, ನಾಲ್ಕು. ಅದರ ಬದಲು ಊರಿನ ಉತ್ತರದ ಗುಡ್ಡದ ಗ್ರಾನೈಟನ್ನು ಕೊರೆದು ಸುರಂಗ. ಮೇಲ್ಭಾಗದಲ್ಲೇ ತೊರೆಯ ಹೆಚ್ಚುವರಿ ನೀರನ್ನು ಹಿಡಿದು, ಪೇಟೆಯನ್ನು ಬಳಸಿ, ನೇರವಾಗಿ ನದಿಗೆ ಬಿಡುವುದು. ಜೊತೆಗೆ ಮೇಲಿನ ಪ್ರದೇಶದಲ್ಲಿ ನೀರು ತಡೆದು ನಿಧಾನವಾಗಿ ಬಿಡುವ ಕೊಳಗಳು. 2016ರಂಥ ಮಳೆ ಬಂದರೆ ಬೀದಿಯ ಬಹುತೇಕ ಭಾಗದಲ್ಲಿ ನೀರು ಮೂರು ಅಡಿ ದಾಟದು ಎಂಬ ಅಂದಾಜು. ವೆಚ್ಚ 11 ಕೋಟಿ 30 ಲಕ್ಷದಿಂದ 14 ಕೋಟಿ ಡಾಲರ್, ಅಂದರೆ ಹಿಂದಿನ ಯೋಜನೆಯ ಎರಡು ಪಟ್ಟಿಗೂ ಹೆಚ್ಚು. ಹದಿನೈದು ಕಟ್ಟಡಗಳು ಉಳಿದವು, ಬೀದಿಯ ರೂಪ ಉಳಿಯಿತು. ಅದರ ಬೆಲೆ ದುಡ್ಡು ಮಾತ್ರವಲ್ಲ, ಕಾಲವೂ ಹೌದು. ಕಟ್ಟಡವನ್ನು ತಿಂಗಳಲ್ಲಿ ಕೆಡವಬಹುದು. ಸುರಂಗಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ಆಕಾಶ ಕಾಯುತ್ತದೆಂಬ ಭರವಸೆಯನ್ನು ಯಾವ ಅಭ್ಯರ್ಥಿಯೂ ಕೊಡಲಾರ. ಈ ಒಂದು ವಿಷಯದಲ್ಲಿ ಹಳೆಯ ಯೋಜನೆಯವರ ಆತಂಕ ನ್ಯಾಯವಾದದ್ದೇ.

2022ರಲ್ಲಿ ಅದೇ ಇಬ್ಬರು, ಬಾಲ್ ಮತ್ತು ಕಿಟಲ್‌ಮನ್, ಮತ್ತೆ ಎದುರುಬದುರಾದರು. ಬಾಲ್ ಮತ್ತೆ ಗೆದ್ದರು. ಮೇಲ್ಭಾಗದ ಕೊಳಗಳ ಕೆಲಸ ಮೊದಲು ಮುಗಿಯಿತು. ಸುರಂಗಕ್ಕೆ ಒಕ್ಕೂಟ ಸರಕಾರದ ಪರಿಸರ ಸಂಸ್ಥೆಯಿಂದ ದೀರ್ಘಾವಧಿ ಸಾಲ ದೊರೆಯಿತು, ಅದನ್ನು ತೀರಿಸುವವರಲ್ಲಿ ಇಂದು ಕೌಂಟಿಯ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳೂ ಇರುತ್ತಾರೆ. ಮೇನ್ ಸ್ಟ್ರೀಟಿನಲ್ಲಿ ಈಗ ಧ್ವನಿವರ್ಧಕದ ಎಚ್ಚರಿಕೆಯ ವ್ಯವಸ್ಥೆ ಇದೆ. ಅದು ಕೂಗಿದರೆ ಯಾವ ಸಂದಿಯಲ್ಲಿ, ಯಾವ ಮೆಟ್ಟಿಲು ಹತ್ತಿ ಗುಡ್ಡದ ಕಡೆಗೆ ಓಡಬೇಕು ಎಂದು ತೋರಿಸುವ ಫಲಕಗಳನ್ನು ಬೀದಿಯ ಉದ್ದಕ್ಕೂ ಹಾಕಿದ್ದಾರೆ.