ಮಕ್ಕಳ ಓದಿಗೆ ಬ್ರಿಟನ್ನೋ, ಆಸ್ಟ್ರೇಲಿಯಾವೋ?



ನರ್ಸ್ ಕೆಲಸಕ್ಕೆಂದು ವಿದೇಶಕ್ಕೆ ಹೊರಟ ಮನೆಗಳಲ್ಲಿ ಈಗ ಇದೇ ಚರ್ಚೆ. 15 ವರ್ಷದ ಮಕ್ಕಳಿಗೆ ನಡೆಯುವ ಪಿಸಾ ಪರೀಕ್ಷೆ ನೋಡಿದರೆ ತೀರ್ಪು ಕೊಡಲಾಗದು: 2022ರಲ್ಲಿ ಗಣಿತದಲ್ಲಿ ಬ್ರಿಟನ್ 489, ಆಸ್ಟ್ರೇಲಿಯಾ 487. ಬ್ರಿಟನ್ ಎಂದರೂ ಒಂದೇ ಅಲ್ಲ. ಇಂಗ್ಲೆಂಡ್ 492 ಪಡೆದರೆ ಪಕ್ಕದ ವೇಲ್ಸ್ 466.

ಸಣ್ಣ ಮಕ್ಕಳಿದ್ದರೆ ನನ್ನ ಮತ ಇಂಗ್ಲೆಂಡಿಗೆ. ಅಲ್ಲಿ ಅಕ್ಷರದ ಧ್ವನಿ ಹಿಡಿದು ಓದಲು ಕಲಿಸುತ್ತಾರೆ. 2012ರಿಂದ ಸರಕಾರಿ ಶಾಲೆಗಳ ಒಂದನೇ ವರ್ಷದ ಮಕ್ಕಳಿಗೆ ಅದರದ್ದೇ ಪರೀಕ್ಷೆ. (ಕಾಗುಣಿತ ಬಾಯಿಪಾಠ ಮಾಡಿದ ನಮಗೆ ಇದರಲ್ಲೇನು ಹೊಸತು!) 2021ರ ಪರ್ಲ್ಸ್ ಓದಿನ ಪರೀಕ್ಷೆಯಲ್ಲಿ ಇಂಗ್ಲೆಂಡ್ 558, ಆಸ್ಟ್ರೇಲಿಯಾ 540.

ಇನ್ನು ಫೀಸು. ಇಂಗ್ಲೆಂಡಿನ ಹೆಚ್ಚಿನ ಕಥೋಲಿಕ ಶಾಲೆಗಳು ಸರಕಾರದ ಹಣದಲ್ಲೇ ನಡೆಯುತ್ತವೆ, ಫೀಸಿಲ್ಲ. ಆಸ್ಟ್ರೇಲಿಯಾದಲ್ಲಿ ಸರಕಾರದ ಅನುದಾನವೂ ಇದೆ, ಫೀಸೂ ಇದೆ. ಅಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳು ಸರಕಾರೇತರ ಶಾಲೆಗಳಲ್ಲಿದ್ದಾರೆ. ಬಡ ಮನೆಯ ಮಕ್ಕಳು ಹೆಚ್ಚಾಗಿ ಸರಕಾರಿ ಶಾಲೆಗಳಲ್ಲೇ ಉಳಿದಿದ್ದಾರೆ. ಶ್ರೀಮಂತ ದೇಶಕ್ಕೆ ಇದು ಶೋಭೆಯಲ್ಲ.

ಆದರೆ ಹೈಸ್ಕೂಲ್ ಮುಗಿಸುವ ವಯಸ್ಸಿಗೆ ಆಸ್ಟ್ರೇಲಿಯಾ ಮೇಲು ಅನ್ನುತ್ತೇನೆ. ಇಂಗ್ಲೆಂಡಿನ ಎ-ಲೆವೆಲ್‌ಗೆ 16ರಲ್ಲೇ ಸಾಮಾನ್ಯವಾಗಿ ಮೂರೇ ವಿಷಯ ಆರಿಸಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಗ್ಲಿಷ್ ಸೇರಿ ಐದಾರು ವಿಷಯ ಓದುತ್ತಾರೆ. ಬಿಎಸ್ಸಿಗೆ ಸೇರಿದ ಮೇಲೆ ತನಗೆ ಇಷ್ಟವಾದದ್ದು ಬೇರೆ ವಿಷಯ ಎಂದು ಗೊತ್ತಾದವರು ನಮ್ಮಲ್ಲೇ ಎಷ್ಟಿಲ್ಲ?

ಒಂದು ಮಾತು: ನ್ಯೂ ಸೌತ್ ವೇಲ್ಸ್‌ನಲ್ಲಿ ತಾತ್ಕಾಲಿಕ ವೀಸಾದ ಹಲವರು ಸರಕಾರಿ ಶಾಲೆಗೂ ಫೀಸು ಕಟ್ಟಬೇಕು. ಏಜೆಂಟರು ಹೇಳಲಿಕ್ಕಿಲ್ಲ. ಸಹಿ ಹಾಕುವ ಮೊದಲು ನೀವೇ ಕೇಳಿ.